ಅರಿಸಿನದ ಬೆನ್ನು

ಕ್ಲೋಸ್‌ಪೇಟೆಯ ಬಂಡೆಯಾಚೆ ಹೊಗೆ, ಯಾರೋ ಬೇಲಿಗೆ ಬೆಂಕಿ ಹಚ್ಚಿರಬೇಕು, ಅಲ್ಲ, ಹೊಗೆ ಓಡುತ್ತಿದೆ, ಚನ್ನಪಟ್ಟಣದ ಕಡೆಯಿಂದ ರೈಲು — ಗಾಡೀ, ಗಾಡೀ ಎಂದು ಹುಚ್ಚಯ್ಯ ದಿಬ್ಬದ ಮೇಲಿಂದ ಅರಚಿದ, ಅದಕ್ಕೇ ತಾನೇ ಅವನನ್ನು ಕಾವಲಿಗೆ ನಿಲ್ಲಿಸಿರುವುದು, ಕಂಬಿಯ ಮೇಲಿದ್ದ ಕೂಲಿಗಳೆಲ್ಲ ಪಕ್ಕಕ್ಕೆ ಹಾರಿಕೊಂಡರು, ಒಬ್ಬನ ಹೊರತು, ತಿರುವಿನ ಹತ್ತಿರ ಒಂಟಿಯಾಗಿ ಹಾರೆಯಿಂದ ಜಲ್ಲಿ ಕುಟ್ಟುತ್ತಿರುವ ಆ ಅರಿಸಿನದ ಬೆನ್ನು, ತನ್ನ ಸೋದರಮಾವ ಬೈರಪ್ಪ, ಕಿವಿ ಮೊದಲೇ ಮಂದ, ಮೇಲೆ ಈ ಹಾಳು ಆಷಾಢದ ಗಾಳಿ, ಕೆಂಪು ಬಾವುಟ ಇದ್ದಿದ್ದರೆ, ಎಲ್ಲಿಂದ ಬರಬೇಕು, ಅದು ಮೇಸ್ತ್ರಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ, ಕಂಬಿ ಮುರಿದ್ರೆ ಮಾತ್ರ ಕೆಂಪು ಕಣ್ಲಾ, ಆಳು ಸತ್ರೆ ಇನ್ನೊಬ್ಬ ಬತ್ತಾನೆ, ಹಾಗೆಂದು ಹಲ್ಲು ಕಿರಿದಿದ್ದ ಮೇಸ್ತ್ರಿ, ಅವನ ನಾಲಿಗೆ ಸೇದಿಹೋಗಲಿ.

ಹೋದ ವಾರ ಟ್ರಾಲಿ ಸದ್ದಿಲ್ಲದೆ ಬಂದಿತ್ತು, ಅದರ ಮೇಲೆ ಛತ್ರಿ ಹಿಡಿಸಿಕೊಂಡ ಇನ್‌ಸ್ಪೆಕ್ಟರ್ ದೊರೆ, ಎಲೆಅಡಿಕೆ ಹಾಕಿಕೊಳ್ಳಲು ಕೂತಿದ್ದ ಮಾವನ ಬೆನ್ನಿಗೆ ಬೆತ್ತ ಮುರಿಯುವವರೆಗೆ ಬಾರಿಸಿದ, ಮಗಳು ಸಿದ್ದಮ್ಮ ಅಳುತ್ತ ಅಪ್ಪನ ಬಾಸುಂಡೆಗೆ ಅರಿಸಿನ ಮೆತ್ತಿದಳು, ಶ್ರಾವಣದಲ್ಲಿ ತನಗೂ ಹುಚ್ಚಯ್ಯನಿಗೂ ಹಚ್ಚಲೆಂದು ಕುಟ್ಟಿಟ್ಟಿದ್ದ ಮದುವೆಯ ಅರಿಸಿನ, ಮಾವ ಆ ಉರಿಯಲ್ಲೂ ನಕ್ಕ, ಇನ್ಮೇಲೆ ದೊರೆ ಕಂಡ್ರೆ ಮಾವಾ ಮಾವಾ ಅಂತ ಕೂಗ್ಲಾ, ಅಳಿಯ ಮಾವನ್ನ ಕರೀತಾವ್ನೆ ಅನ್ಕತಾನೆ ಆ ಮುಂಡೇಮಗ, ನಾವು ಬಗ್ಗಿ ಕೆಲ್ಸ ಹಿಡ್ಕತೀವಿ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು — ಇಂಜಿನ್ನು ಬಂಡೆ ದಾಟಿತು, ಕಾಲಡಿಯ ನೆಲ ನಡುಗುತ್ತಿದೆ, ಮಾವಾ, ಅರಚಿದವನು ಹುಚ್ಚಯ್ಯನೇ, ಮಾವಾ, ಹುಟ್ಟಿದಾಗಿನಿಂದ ಕರೆದದ್ದು ಹಾಗೇ, ಮಂದ ಕಿವಿಗೂ ಅದೊಂದು ಕೇಳುತ್ತದೆ, ಏಟು ಕಲಿಸಿದ ಮಾತು, ಮಾವ ಬೆಚ್ಚಿದ, ತಿರುಗಲಿಲ್ಲ, ಬಗ್ಗಿದ, ಅಯ್ಯೋ ದೊರೆ ಅಲ್ಲ ಮಾವಾ, ಇನ್ನೂ ಬಗ್ಗಿದ, ಹೆಸರು ಹಿಡಿದು ಕೂಗೋ ಪಾಪಿ, ಬೈರಪ್ಪ ಅನ್ನು, ಹಿರಿಯರ ಹೆಸರು ಈ ನಾಲಿಗೆಗೆ ಎಂದೂ ಬಂದದ್ದಿಲ್ಲ, ಬಾಯಿ ತೆರೆದರೆ ಮಾವಾ, ಹಾರೆ ಜೋರಾಗಿ ಏಳುತ್ತಿದೆ, ಬೀಳುತ್ತಿದೆ, ನೋಡಿ ದೊರೆ ಎಂಥ ಕೆಲಸಗಾರ ಎನ್ನುವಂತೆ, ಮಾವಾ, ಇಂಜಿನ್ನಿನ ಮೂತಿಗೆ ಒಡ್ಡಿಕೊಂಡು, ಬಗ್ಗಿದ, ಇನ್ನೂ ಬಗ್ಗಿದ, ಅರಿಸಿನದ ಬೆನ್ನು, ಅರಿಸಿನದ ಬೆನ್ನು