ಸೊಣ್ಣಮ್ಮ ಮೈಕ್ ಹಿಡಿದಳು

ಗಡಿಯಲ್ಲಿ ಯುದ್ಧ ಶುರುವಾದ ವಾರ ಶಾಸಕ ಚನ್ನಬೈರಪ್ಪ ಯುದ್ಧದ ಪರ ಭಾಷಣ ಮಾಡಲು ಕೋಣನಕುಂಟೆಗೆ ಬಂದಾಗ ಜನ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು. ಇಡ್ಲಿ ಹೋಟೆಲಿನ ಸೊಣ್ಣಮ್ಮ ಆರತಿ ಎತ್ತಿದ್ದಳು.

ಮೂರು ತಿಂಗಳಾದರೂ ಯುದ್ಧ ನಿಲ್ಲಲಿಲ್ಲ. ಗ್ಯಾಸ್ ಸಿಲಿಂಡರ್ ಸಿಗದೆ ಹೋಟೆಲು ಮುಚ್ಚಿತು. ಸೈನ್ಯದಲ್ಲಿದ್ದ ಮಗ ರೇವಂತನ ಫೋನೂ ಬರುತ್ತಿರಲಿಲ್ಲ.

ಚುನಾವಣೆ ಬಂತು. ಸಭೆಯಲ್ಲಿ ಶಾಸಕರು, "ಇನ್ನೂ ಒಂದು ವರ್ಷ ಯುದ್ಧ ನಡೆದ್ರೂ ನಾವು ರೆಡಿ!" ಎಂದು ಕೂಗಿದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೊಣ್ಣಮ್ಮ ದಡದಡನೆ ವೇದಿಕೆ ಹತ್ತಿ ಮೈಕ್ ಕಿತ್ತುಕೊಂಡಳು.

"ಸಾರ್, ನಾವು ಅಂದ್ರೆ ಯಾರು? ನಮ್ಮನೆಯಿಂದ ನನ್ ಮಗ ಹೋಗವ್ನೆ. ನಿಮ್ಮನೆಯಿಂದ ಯಾರು ಹೋಗವ್ರೆ?"

ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. "ಹೇಳಿ ಸಾರ್, ಹೇಳಿ!" ಎಂದು ಜನವೆಲ್ಲ ಎದ್ದು ನಿಂತಿತು. ಶಾಸಕರು ಹಿಂದಿನ ಮೆಟ್ಟಿಲಿಳಿದು ಕಾರು ಹತ್ತಿದರು.

ಕೆಳಗಿಳಿದ ಸೊಣ್ಣಮ್ಮನನ್ನು ಹೆಂಗಸರು ಮುತ್ತಿಕೊಂಡರು. ಹೂವು ಮಾರುವ ದಿವ್ಯ ಅವಳ ಕೈ ಹಿಡಿದು, "ಅಕ್ಕಾ, ನೀವೇ ಎಲೆಕ್ಷನ್‌ಗೆ ನಿಂತ್ಕೊಳಿ! ಅರ್ಜಿ ಹಾಕೋಕೆ ಇನ್ನೂ ಎರಡು ದಿನ ಐತೆ" ಎಂದಳು.

ಸೊಣ್ಣಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ನಿಂತ್ಕೋತೀನಿ ಕಣೇ," ಎಂದಳು. "ನಾಳೆ ಬೆಳಿಗ್ಗೆ ಎಲ್ರೂ ನನ್ ಜೊತೆ ಬರ್ಬೇಕು."

ಮರುದಿನ ಅರ್ಧ ಕೋಣನಕುಂಟೆಯೇ ಅವಳ ಹಿಂದೆ ನಡೆಯಿತು.