ಪರದೆಯ ಮೇಲಿದ್ದ ಒಂದೇ ಫೋಟೋ

ಆ ಸೋಮವಾರ ಬೆಳಿಗ್ಗೆ ನಮ್ಮ ಕಣ್ಣಿನ ಆಸ್ಪತ್ರೆಯಲ್ಲಿ ಒಬ್ಬರ ಮುಖವೂ ನೆಟ್ಟಗಿರಲಿಲ್ಲ. ಕಂಪ್ಯೂಟರ್ ಆನ್ ಮಾಡಿದವರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ನನ್ನ ಫೋಟೋ ಎಲ್ಲಿ ಹೋಯ್ತು?"

ಔಷಧಿ ಕೊಡುವ ಮಾತ್ರೆ ಮಾಮನ ಪರದೆಯಿಂದ ಮೊಮ್ಮಗಳು ಕಾಣೆಯಾಗಿದ್ದಳು. ಕನ್ನಡಕ ವಿಭಾಗದವರ ಬೆಕ್ಕು ನಾಪತ್ತೆ. ಎಲ್ಲರ ಪರದೆಯ ಮೇಲೂ ಒಂದೇ ತಿಳಿನೀಲಿ ಚಿತ್ರ ಬಂದು ಕೂತಿತ್ತು. ಮೇಲೆ ಆಸ್ಪತ್ರೆಯ ಹೆಸರು, ಕೆಳಗೆ ದಪ್ಪ ಅಕ್ಷರದಲ್ಲಿ ಬರಹ: "ಕಂಪ್ಯೂಟರ್ ತೊಂದರೆಯೇ? ಒಳಗಿನ ಫೋನಿನಿಂದ 22 ಒತ್ತಿ. ನಿಮ್ಮ ಪಾಸ್‌ವರ್ಡನ್ನು ನಾವು ಎಂದೂ ಕೇಳುವುದಿಲ್ಲ. ಯಾರು ಕೇಳಿದರೂ ಹೇಳಬೇಡಿ."

"ಆ ಇಪ್ಪತ್ತೆರಡನ್ನ ನಿಲ್ಲಿಸಿ ಕೇಳ್ತೀನಿ," ಎಂದು ಮಾತ್ರೆ ಮಾಮ ಗುಡುಗಿದರು. "ಮೊಮ್ಮಗಳ ಮುಖ ನೋಡ್ಕೊಂಡು ಮಾತ್ರೆ ಎಣಿಸ್ತಿದ್ದೆ. ಇನ್ಮೇಲೆ ಈ ನೀಲಿ ಗೋಡೆ ನೋಡ್ಕೊಂಡು ಎಣಿಸ್ಬೇಕಂತೆ!"

ಇಪ್ಪತ್ತೆರಡು ಅಂದರೆ ಕಂಪ್ಯೂಟರ್ ವಿಭಾಗದ ಹುಡುಗಿ. ಆ ಹೆಸರಿಟ್ಟವಳು ನಾನೇ. ಇಪ್ಪತ್ತಾರು ವರ್ಷದಿಂದ ಈ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತಿದ್ದೇನೆ. ನನಗೆ ಜನರಿಗಿಂತ ಮೊದಲು ಅವರ ನಂಬರು ನೆನಪಾಗುತ್ತದೆ. ದಾಖಲೆ ಕೋಣೆಯ ಅಕ್ಕ ಹದಿನಾಲ್ಕು. ಈ ಕಥೆ ಅವರದು, ಸ್ವಲ್ಪ ನನ್ನದೂ ಹೌದು. ಯಾಕೆಂದರೆ ತಪ್ಪಿನಲ್ಲಿ ನನಗೂ ಪಾಲಿದೆ.

ಅಂದು ಎಲ್ಲರೂ ಕೂಗಾಡುತ್ತಿದ್ದಾಗ ಅಕ್ಕ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಚಹಾದ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದರು.

"ನನ್ನ ಫೋಟೋ ಹೋಗಿಲ್ಲ ಕಣೇ."

"ಅದು ಹೇಗೆ ಅಕ್ಕಾ?"

"ಶುಕ್ರವಾರ ಕಂಪ್ಯೂಟರ್ ಆರಿಸೋದು ಮರ್ತು ಹೋಗಿದ್ದೆ. ಲಾಗಿನ್ ಆಗುವಾಗ ಹೊಸ ಚಿತ್ರ ಬರುತ್ತಂತೆ. ಅಂದ್ಮೇಲೆ ನಾನು ಆರಿಸದೇ ಇದ್ರಾಯ್ತು. ಯಾರ ಹತ್ರಾನೂ ಬಾಯಿ ಬಿಡ್ಬೇಡ."

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಯಾಕೆಂದರೆ ಆ ಫೋಟೋದಲ್ಲಿ ನಾನೂ ಇದ್ದೇನೆ.

ಹದಿನೇಳು ವರ್ಷದ ಹಿಂದೆ ತೆಗೆದದ್ದು. ಆಗ ದಾಖಲೆ ಕೋಣೆಯೆಂದರೆ ಸೂರಿನವರೆಗೆ ಹಲಗೆಗಳು, ಹಲಗೆ ತುಂಬ ರಟ್ಟಿನ ಕಾರ್ಡುಗಳು. ನೂರು ನೂರು ಕಾರ್ಡಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿರುತ್ತಿದ್ದರು. ಅಕ್ಕ ಏಣಿ ಹತ್ತಿದರೆಂದರೆ ಕಾರ್ಡಿನ ಹಳೆಯ ಧೂಳು, ಮಸಿ, ಅಂಟು ಎಲ್ಲ ಸೇರಿದ ಒಂದು ವಾಸನೆ ನನ್ನ ಬೋರ್ಡಿನವರೆಗೂ ಬರುತ್ತಿತ್ತು. ಆ ವಾಸನೆಗೆ ಆಗ ಮೂಗು ಮುರಿಯುತ್ತಿದ್ದೆ. ಈಗ ಎಲ್ಲಾದರೂ ಹಳೆಯ ರಟ್ಟು ಕಂಡರೆ ಎತ್ತಿ ಮೂಸುತ್ತೇನೆ, ನಗಬೇಡಿ.

ಆ ವರ್ಷ ಮೊದಲ ಸಲ ಕಂಪ್ಯೂಟರುಗಳು ಬಂದವು. ಅಕ್ಕನ ಯಜಮಾನರು ನಮ್ಮ ಆಂಬುಲೆನ್ಸ್ ಚಾಲಕರು. ಪೆಟ್ಟಿಗೆಗಳನ್ನು ತಂದದ್ದು ಅವರೇ, ಹೊತ್ತು ಇಳಿಸಿದ್ದೂ ಅವರೇ. "ಇದು ನಾನು ಸಾಗಿಸಿದವರಲ್ಲೆಲ್ಲ ಬಹಳ ಒಳ್ಳೆ ರೋಗಿ, ಒಂಚೂರೂ ನರಳಲಿಲ್ಲ" ಅಂದಿದ್ದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆ ನಗು ಮುಗಿಯುವ ಮುಂಚೆಯೇ, ಕಂಪ್ಯೂಟರ್ ಜೋಡಿಸಲು ಬಂದಿದ್ದವರು ತಗಡು ಹೊದಿಸಿದ ಜಗಲಿಯ ಮೇಲೆ ನಮ್ಮನ್ನು ನಿಲ್ಲಿಸಿ ಫೋಟೋ ತೆಗೆದರು. ಈಗ ಆ ಜಗಲಿ ಇಲ್ಲ, ಕೆಡವಿ ಹೊಸ ಕಟ್ಟಡ ಕಟ್ಟಿದ್ದಾರೆ. ಚಾಲಕರು ತೀರಿಕೊಂಡು ಆರು ವರ್ಷವಾಯಿತು. ಮನೆಯಲ್ಲಿ ಅವರ ಬೇರೆ ಫೋಟೋಗಳಿವೆ, ಆದರೆ ಎಲ್ಲದರಲ್ಲೂ ಗುರುತಿನ ಚೀಟಿಗೆ ನಿಂತವರಂತೆ ಬಿಗಿದುಕೊಂಡಿದ್ದಾರೆ. ಬಾಯಿ ತುಂಬ ನಕ್ಕಿರುವುದು ಇದೊಂದರಲ್ಲೇ.

ಹೀಗಾಗಿ ಅಕ್ಕ ತಮ್ಮ ಕಂಪ್ಯೂಟರಿಗೆ "ಆರಿಸಬೇಡಿ" ಎಂದು ಚೀಟಿ ಅಂಟಿಸಿದರು. ಸಂಜೆ ಪರದೆಯ ಗುಂಡಿ ಮಾತ್ರ ಒತ್ತಿ ಹೋಗುವರು. "ಸುರಕ್ಷತೆಗಾಗಿ ರೀಸ್ಟಾರ್ಟ್ ಮಾಡಿ" ಎಂದು ಕಂಪ್ಯೂಟರ್ ದಿನಾ ಕೇಳಿಕೊಳ್ಳುತ್ತಿತ್ತು. ಅಕ್ಕ ದಿನಾ "ಆಮೇಲೆ" ಒತ್ತುವರು. ಹೀಗೆ ಹತ್ತೊಂಬತ್ತು ದಿನ ಕಳೆದವು.

ಇಪ್ಪತ್ತನೆಯ ದಿನ ಹನ್ನೊಂದು ಗಂಟೆಗೆ ನನ್ನ ಬೋರ್ಡಿನಲ್ಲಿ ಒಂದು ಕರೆ ಬಂತು. ಬಹಳ ಮರ್ಯಾದೆಯ ದನಿ.

"ನಮಸ್ಕಾರ ಮೇಡಂ, ಕಂಪ್ಯೂಟರ್ ವಿಭಾಗದಿಂದ. ದಾಖಲೆ ಕೋಣೆಗೆ ಸ್ವಲ್ಪ ಕೊಡ್ತೀರಾ?"

ಕೊಟ್ಟೆ. ಮುಂದಿನ ಕರೆಗೆ ಕೈ ಚಾಚಿದೆ. ಆಗ ಎದುರಿಗಿದ್ದ ನನ್ನ ಪರದೆಯ ಮೇಲೆ ಕಣ್ಣು ಬಿತ್ತು. ದಿನಾ ನೋಡಿ ನೋಡಿ ಬೇಸರ ಬಂದಿದ್ದ ಅದೇ ನೀಲಿ ಚಿತ್ರ. "ಒಳಗಿನ ಫೋನಿನಿಂದ 22."

ಒಳಗಿನ ಕರೆ ಬಂದರೆ ನನ್ನ ಬೋರ್ಡಿನಲ್ಲಿ ಹಸಿರು ದೀಪ. ಹೊರಗಿನಿಂದ ಬಂದರೆ ಕೆಂಪು. ಈಗ ಉರಿಯುತ್ತಿದ್ದದ್ದು ಕೆಂಪು. ಮೇಲಿನ ಮಹಡಿಯಲ್ಲಿ ಕೂತವರು ಹೊರಗಿನಿಂದ ಯಾಕೆ ಫೋನ್ ಮಾಡುತ್ತಾರೆ?

ನಡುವೆ ನುಗ್ಗಿ ಕರೆ ತಡೆಯಲು ನನ್ನ ಹಳೆಯ ಬೋರ್ಡಿನಲ್ಲಿ ದಾರಿಯಿಲ್ಲ. ಕೆಂಪು ದೀಪ ಆರಿದ ಕೂಡಲೇ ಹದಿನಾಲ್ಕಕ್ಕೆ ಹಾಕಿದೆ.

"ಅಕ್ಕಾ, ಯಾರು ಅದು? ಏನು ಕೇಳಿದ್ರು?"

"ಕಂಪ್ಯೂಟರ್‌ನೋರು ಕಣೇ. ನಿಮ್ಮ ಕಂಪ್ಯೂಟರ್ ಅಪ್‌ಡೇಟ್ ಆಗಿಲ್ಲ ಅಂದ್ರು. ಸಿಕ್ಕಿಬಿದ್ದೆ ಅಂದ್ಕೊಂಡೆ. ನನ್ನ ಫೋಟೋ ಮಾತ್ರ ತೆಗೀಬೇಡಿ ಅಂತ ಕೇಳ್ಕೊಂಡೆ. ತೆಗೆಯಲ್ಲ ಅಮ್ಮಾ, ಪಾಸ್‌ವರ್ಡ್ ಹೇಳಿ ಸಾಕು ಅಂದ್ರು."

"ಹೇಳಿದ್ರಾ?"

"ಹೇಳ್ದೆ. ಪಾಪ, ಒಳ್ಳೆ ಹುಡುಗ."

ಆ ಪಾಸ್‌ವರ್ಡಿನ ಹಿಂದೆ ನಮ್ಮ ಆಸ್ಪತ್ರೆಗೆ ಬಂದ ಪ್ರತಿಯೊಬ್ಬ ರೋಗಿಯ ವಿವರವಿದೆ. ಯಾರ ಕಣ್ಣಿಗೆ ಏನು ಕಾಯಿಲೆ, ನಾಳೆ ಯಾರ ಯಾವ ಕಣ್ಣಿಗೆ ಶಸ್ತ್ರಚಿಕಿತ್ಸೆ, ಎಲ್ಲ. ಎಡಗಣ್ಣು ಅಂತ ಇದ್ದದ್ದನ್ನು ಯಾರೋ ಬಲಗಣ್ಣು ಅಂತ ತಿದ್ದಿದರೆ ಗತಿಯೇನು? ತಕ್ಷಣ ಇಪ್ಪತ್ತೆರಡು ಒತ್ತಿ ನಡೆದದ್ದನ್ನೆಲ್ಲ ಹೇಳಿದೆ.

ಹುಡುಗಿ ಒಂದು ಬೈಗುಳವನ್ನೂ ಆಡಲಿಲ್ಲ. "ಫೋನ್ ಇಡ್ಬೇಡಿ," ಅಂದಳು. ಕೀಲಿಮಣೆಯ ಟಕಟಕ ಕೇಳಿಸಿತು. ಆಮೇಲೆ ಉಸಿರು ಬಿಟ್ಟಳು.

"ಅವರ ಲಾಗಿನ್ ಮುಚ್ಚಿಬಿಟ್ಟೆ. ಮುಚ್ಚಿದ ಅರ್ಧ ನಿಮಿಷಕ್ಕೆ ಅವನು ಆ ಪಾಸ್‌ವರ್ಡ್ ಹಿಡ್ಕೊಂಡು ಬಂದು ಬಾಗಿಲು ತಟ್ಟಿದಾನೆ ನೋಡಿ, ಇಲ್ಲಿ ಕಾಣ್ತಾ ಇದೆ. ಒಳಗೆ ಬಂದಿಲ್ಲ. ಈಗ ಆ ಕಂಪ್ಯೂಟರನ್ನ ಇಲ್ಲಿಂದಾನೇ ರೀಸ್ಟಾರ್ಟ್ ಮಾಡಿಬಿಡ್ತೀನಿ."

"ಬೇಡ!" ನಾನು ಕಿರುಚಿದ ರಭಸಕ್ಕೆ ಎದುರು ಸಾಲಿನಲ್ಲಿ ಕೂತಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. "ಬೇಡಮ್ಮಾ, ಅದರಲ್ಲಿ ಅಕ್ಕನ ಯಜಮಾನರಿದ್ದಾರೆ. ನೀನೇ ಕೆಳಗೆ ಬಾ."

ಹುಡುಗಿ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದಳು. ಅಷ್ಟರಲ್ಲಿ ನಾನೂ ಬೋರ್ಡು ಬಿಟ್ಟು ದಾಖಲೆ ಕೋಣೆಗೆ ಓಡಿ ಅಕ್ಕನಿಗೆ ವಿಷಯ ಹೇಳಿದ್ದೆ. ಅಕ್ಕ ಪರದೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದರು. ಮೋಸ ಹೋಗಿದ್ದು ತಿಳಿದು ಅವಮಾನವೂ ಆಗಿತ್ತು, ಅವಮಾನವೆಲ್ಲ ಸಿಟ್ಟಾಗಿ ಹುಡುಗಿಯ ಮೇಲೆ ಹರಿಯಿತು.

"ನಿಮ್ಮಿಂದಲೇ ಇದೆಲ್ಲ ಆಗಿದ್ದು! ನನ್ನ ಪಾಡಿಗೆ ನಾನಿದ್ದೆ. ನಿಮಗ್ಯಾಕೆ ಬೇಕಿತ್ತು ನಮ್ಮ ಪರದೆ ಮೇಲಿನ ಚಿತ್ರದ ಉಸಾಬರಿ?"

"ನೂರ ನಲವತ್ತು ಕಂಪ್ಯೂಟರ್ ಇದೆ ಅಕ್ಕಾ, ನಾವಿರೋದು ಮೂರೇ ಜನ," ಅಂದಳು ಹುಡುಗಿ, ಸ್ಟೂಲು ಎಳೆದು ಪಕ್ಕದಲ್ಲಿ ಕೂತು. "ಪ್ರತಿಯೊಬ್ಬರ ಮೇಜಿಗೂ ಹೋಗಿ ಹೇಳೋಕಾಗಲ್ಲ. ಅದಕ್ಕೆ ಒಂದೇ ಕಡೆ ಚಿತ್ರ ಇಟ್ಟು, ಎಲ್ಲ ಕಂಪ್ಯೂಟರೂ ಇದನ್ನೇ ಹಾಕ್ಕೊಳ್ಳಲಿ ಅಂತ ನಿಯಮ ಬರೆದಿಟ್ವಿ. ನೀವು ಲಾಗಿನ್ ಆದ ಕೂಡಲೇ ನಿಮ್ಮ ಕಂಪ್ಯೂಟರ್ ಅಲ್ಲಿ ಹೋಗಿ ಕೇಳುತ್ತೆ, ಚಿತ್ರ ತರುತ್ತೆ. ನಾಳೆ ನಮ್ಮ ನಂಬರು ಬದಲಾದ್ರೆ ಅಲ್ಲೊಂದು ಕಡೆ ಬದಲಿಸಿದ್ರೆ ಸಾಕು, ಎಲ್ಲರಿಗೂ ತಲುಪುತ್ತೆ."

"ಒಂದು ಕಾಗದ ಬರೆದು ಗೋಡೆಗೆ ಅಂಟಿಸಿದ್ರೆ ಆಗ್ತಿರಲಿಲ್ವಾ?"

"ಅಂಟಿಸಿದ್ವಿ ಅಕ್ಕಾ, ಹೋದ ವರ್ಷ." ಹುಡುಗಿ ಗೋಡೆಯತ್ತ ಬೆರಳು ತೋರಿಸಿದಳು. "ನೀವು ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದೀರಿ."

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನನ್ನತ್ತ ಒಮ್ಮೆ ದುರುಗುಟ್ಟಿ ನೋಡಿದರು.

"ಅಲ್ಲಮ್ಮಾ, ನಿಮಗೆ ಅದು ಬರೀ ಚಿತ್ರ. ನನಗೆ ಅದು ನಮ್ಮನೆಯವರು. ಬೆಳಿಗ್ಗೆ ಬಂದು ಬಾಗಿಲು ತೆಗೆದ್ರೆ ಮೊದಲು ಮಾತಾಡಿಸೋದೇ ಅವರನ್ನ."

ಹುಡುಗಿ ಬಾಗಿ ಪರದೆಯ ಮೇಲಿನ ನಗುಮುಖವನ್ನು ನೋಡಿದಳು. "ಒಂದು ತಪ್ಪು ನಮ್ಮದೇ ಅಕ್ಕಾ," ಅಂದಳು ಆಮೇಲೆ. "ಚಿತ್ರ ಬದಲಾಗುತ್ತೆ, ನಿಮ್ಮ ಫೋಟೋಗಳನ್ನ ತೆಗೆದಿಟ್ಕೊಳ್ಳಿ ಅಂತ ಒಂದು ವಾರ ಮೊದಲೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ಇನ್ಮೇಲೆ ಹೇಳ್ದೆ ಮಾಡಲ್ಲ. ಈಗ ಹೇಳಿ, ಇದರ ಮೂಲ ಫೋಟೋ ಎಲ್ಲಿಟ್ಟಿದೀರಿ?"

"ಮೂಲ ಅಂದ್ರೆ? ಇಲ್ಲೇ ಇದೆಯಲ್ಲ, ಕಣ್ಣೆದುರಿಗೆ. ಪರದೆ ಮೇಲೆ ಇದೆ, ಇನ್ನೊಂದು ಯಾಕೆ ಅಂತ ಒಳಗಿದ್ದದ್ದನ್ನ ಅಳಿಸಿಬಿಟ್ಟೆ. ಜಾಗ ತುಂಬಿದೆ ಅಂತ ಬೇರೆ ಹೇಳ್ತಿತ್ತು."

ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳು ಹೇಳದಿದ್ದರೂ ನನಗೆ ಅರ್ಥವಾಯಿತು. ಅವಳು ಮೇಲಿನಿಂದ ಆ ಗುಂಡಿ ಒತ್ತಿದ್ದರೆ, ಅಷ್ಟೇಕೆ, ಈ ಹತ್ತೊಂಬತ್ತು ದಿನದಲ್ಲಿ ಒಂದು ಸಲ ಕರೆಂಟು ಕೈಕೊಟ್ಟಿದ್ದರೆ, ಆ ನಗು ಪ್ರಪಂಚದಲ್ಲೇ ಇಲ್ಲದಂತಾಗುತ್ತಿತ್ತು. ಅಕ್ಕ ಕಾವಲು ಕಾಯುತ್ತಿದ್ದದ್ದು ನಿಜ, ಆದರೆ ಕಾದು ಏನೂ ಉಳಿಸಿರಲಿಲ್ಲ.

ಹುಡುಗಿ ಅಕ್ಕನಿಗೆ ಹೊಸ ಪಾಸ್‌ವರ್ಡ್ ಹಾಕಿಸಿದಳು. ಹಾಕುವಾಗ ತಾನು ಬೇರೆ ಕಡೆ ಮುಖ ತಿರುಗಿಸಿಕೊಂಡಳು. ಆಮೇಲೆ ಕಂಪ್ಯೂಟರಿನ ಒಳಗೆ, ನಮ್ಮಂಥವರು ಇಣುಕದ ಒಂದು ಮೂಲೆಗೆ ಹೋದಳು. ಪರದೆಗೆ ಹಾಕಿದ ಚಿತ್ರದ ಒಂದು ಪ್ರತಿಯನ್ನು ಯಂತ್ರ ಅಲ್ಲಿ ತನ್ನ ಅನುಕೂಲಕ್ಕೆ ಇಟ್ಟುಕೊಂಡಿರುತ್ತದಂತೆ. ಹೊಸ ಚಿತ್ರ ಬಂದರೆ ಅದರ ಮೇಲೆಯೇ ಬಂದು ಕೂರುತ್ತದಂತೆ. ನಾವಿಬ್ಬರೂ ಪರದೆಗೆ ಮೂಗು ತಾಗುವಷ್ಟು ಬಾಗಿದೆವು.

"ಸಿಕ್ತು," ಅಂದಳು.

ಒಂದು ಪ್ರತಿಯನ್ನು ಆಸ್ಪತ್ರೆಯ ಸರ್ವರಿನಲ್ಲಿ ಅಕ್ಕನ ಹೆಸರಿನ ಫೋಲ್ಡರಿಗೆ ಹಾಕಿದಳು. ಇನ್ನೊಂದನ್ನು ಅಕ್ಕನ ಮಗಳ ಫೋನಿಗೆ ಕಳಿಸಿದಳು. ಮೂರನೆಯದನ್ನು ಪ್ರಿಂಟರಿಗೆ ಕೊಟ್ಟಳು. "ಈಗ ನೀವೇ ರೀಸ್ಟಾರ್ಟ್ ಮಾಡಿ ಅಕ್ಕಾ," ಎಂದು ಎದ್ದು ನಿಂತಳು.

ಅಕ್ಕ ಮೌಸಿನ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಕೂತರು. ಆಮೇಲೆ ಒತ್ತಿದರು. ಪರದೆ ಕಪ್ಪಾಯಿತು. ಮತ್ತೆ ಬೆಳಗಿದಾಗ ನೀಲಿ ಚಿತ್ರ ಬಂದಿತ್ತು.

ಪ್ರಿಂಟರಿನಿಂದ ಹಾಳೆ ತಂದು ಅಕ್ಕನ ಕೈಗಿಟ್ಟೆ. ಕನ್ನಡಕ ಏರಿಸಿಕೊಂಡು ನೋಡಿದರು. ನೋಡುತ್ತಾ ಇದ್ದವರು ತಟ್ಟನೆ ಬೆರಳಿಟ್ಟರು.

"ಇಲ್ಲಿ ನೋಡೇ."

ವರ್ಷಗಳಿಂದ ಅಕ್ಕನ ಪರದೆಯ ತುಂಬ ಫೈಲುಗಳ ಗುರುತುಗಳು ತುಂಬಿಹೋಗಿದ್ದವು. ಯಜಮಾನರ ಮುಖವೊಂದನ್ನು ಬಿಟ್ಟು ಸುತ್ತಲೂ ಜೋಡಿಸಿಕೊಂಡಿದ್ದರು. ಹಾಳೆಯಲ್ಲಿ ಅದ್ಯಾವುದೂ ಇರಲಿಲ್ಲ. ಚಾಲಕರ ಮುಖದ ಕೆಳಗೆ ಅಂಗಿ, ಅಂಗಿಯ ಕೆಳಗೆ ಕೈ, ಆ ಕೈಯಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ.

"ಚಪ್ಪಲಿ ಬಿಟ್ಟೇ ಕಂಪ್ಯೂಟರ್ ಕೋಣೆಗೆ ಹೋಗ್ಬೇಕು ಅಂದಿದ್ರಲ್ಲ ಅವತ್ತು," ಅಂದರು ಅಕ್ಕ. "ಈ ಗಲಾಟೇಲಿ ಯಾರಾದ್ರೂ ಹಾಕ್ಕೊಂಡು ಹೋದ್ರೆ ಅಂತ ನಾನು ಒಳಗಿಂದ ಬರೋವರೆಗೂ ಕೈಯಲ್ಲಿ ಹಿಡ್ಕೊಂಡು ನಿಂತಿದ್ರು. ಫೋಟೋಗೂ ಹಾಗೇ ನಿಂತುಬಿಟ್ರು. ಮರೆತೇಬಿಟ್ಟಿದ್ದೆ ಕಣೇ. ದಿನಾ ಮುಖ ನೋಡಿ ನೋಡಿ, ಈ ಕೈನೇ ಮರೆತುಬಿಟ್ಟಿದ್ದೆ."

ಆ ಸಂಜೆ ಅಕ್ಕನ ಮಗಳು ನನಗೆ ಫೋನ್ ಮಾಡಿದಳು. "ಚಿಕ್ಕಮ್ಮಾ, ಅಪ್ಪ ಇಷ್ಟು ಚೆನ್ನಾಗಿ ನಗ್ತಿದ್ರಾ?" ಎಂದು ಕೇಳಿದಳು. ತನ್ನ ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಅಂದೇ ಇನ್ನೊಂದು ಕಡೆಗೂ ತೆಗೆದಿಟ್ಟಳಂತೆ. ಮಾತ್ರೆ ಮಾಮ ಕೂಡ ಮೊಮ್ಮಗಳನ್ನು ಚೌಕಟ್ಟು ಹಾಕಿಸಿ ಮೇಜಿನ ಮೇಲಿಟ್ಟಿದ್ದಾರೆ. ಈಗ ಅವರಿಗೆ ಯಾರಾದರೂ ಹೊರಗಿನಿಂದ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದರೆ, ನೀಲಿ ಚಿತ್ರದ ಬರಹವನ್ನು ಗಟ್ಟಿಯಾಗಿ ಓದಿ ಹೇಳಿ ಫೋನ್ ಕುಕ್ಕುತ್ತಾರೆ.

ಓದುತ್ತಿರುವ ನೀವೂ ಯಾವುದೋ ಕಚೇರಿಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವರೇ ಇರಬಹುದು. ನಿಮ್ಮ ಪರದೆಗೂ ಒಂದು ದಿನ ಹೀಗೆ ಸಂಸ್ಥೆಯ ಚಿತ್ರ ಬರಬಹುದು. ಬಂದರೆ ಸಿಡಿಮಿಡಿಗೊಳ್ಳುವ ಮೊದಲು ಅದರ ಮೇಲೆ ಬರೆದದ್ದನ್ನು ಒಮ್ಮೆ ಓದಿ. ಸಂಜೆ ಕಂಪ್ಯೂಟರ್ ಆರಿಸಿ ಹೋಗಿ, ರೀಸ್ಟಾರ್ಟ್ ಕೇಳಿದರೆ ಮಾಡಿಬಿಡಿ. ಎಷ್ಟೇ ಮರ್ಯಾದೆಯ ದನಿ ಕೇಳಿದರೂ ಪಾಸ್‌ವರ್ಡ್ ಹೇಳಬೇಡಿ, ಹೇಳಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ನಿಮ್ಮ ಇಪ್ಪತ್ತೆರಡಕ್ಕೆ ತಕ್ಷಣ ತಿಳಿಸಿ. ಚಿತ್ರ ಕಳಿಸುವವರು ನೀವೇ ಆಗಿದ್ದರೆ, ಕಳಿಸುವ ಮೊದಲು ಎಲ್ಲರಿಗೂ ಒಂದು ಮಾತು ಹೇಳಿ. ನಿಮಗೆ ಗೊತ್ತಿಲ್ಲದ ಯಾವುದೋ ಪರದೆಯ ಮೇಲೆ ಯಾರೋ ನಗುತ್ತಿರುತ್ತಾರೆ.

ಮತ್ತೆ, ನಿಮ್ಮ ಪರದೆಯ ಮೇಲಿರುವ ಮುಖ ಇನ್ನೆಲ್ಲೂ ಇಲ್ಲವೆಂದಾದರೆ ಈ ಹಾಳೆ ಮಡಚಿಡಿ. ಎದ್ದು ಹೋಗಿ, ಈಗಲೇ ಅದರ ಇನ್ನೊಂದು ಪ್ರತಿ ತೆಗೆದಿಡಿ.