ಮೂರನೆಯ ಕೋಷ್ಟಕ

ನನ್ನ ಒಂದು ಲೇಖನವನ್ನು ಜಗತ್ತಿನ ಅರವತ್ತನಾಲ್ಕು ಲೇಖನಗಳು ಹೆಸರಿಸಿದ್ದವು. ಇದನ್ನು ಎಣಿಸಿದ್ದು ನಾನಲ್ಲ, ನಮ್ಮ ಕಾಲೇಜಿನ ಬಸವಪ್ರಸಾದ. ಅವರು ಕಾಮರ್ಸಿನವರು. ರೋಣದ ನಮ್ಮ ಪದವಿ ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಸಮಿತಿ ಬರುವ ವರ್ಷ ಕಾಗದಪತ್ರ ಜೋಡಿಸುವ ಕೆಲಸ ಅವರ ಕೊರಳಿಗೆ ಬಿದ್ದಿತ್ತು. ಒಂದು ಮಧ್ಯಾಹ್ನ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಕೂಗಿದರು.

"ಮೇಡಂ, ಅರವತ್ನಾಕ ಸೈಟೇಶನ್ ಅದಾವ್ರಿ ನಿಮ್ಮವು! ಉಳದವರದೆಲ್ಲಾ ಕೂಡಿಸಿದ್ರ ಹನ್ನೊಂದ ಆಗತಾವು. ಅದರಾಗ ಏಳು ನಮ್ಮನ್ನ ನಾವ ಹೊಗಳಿಕೊಂಡದ್ದು."

"ಹೌದೇನ್ರಿ?" ಎಂದೆ, ಗೊತ್ತಿಲ್ಲದವಳ ಹಾಗೆ.

ಗೊತ್ತಿಲ್ಲದೇ ಏನು? ಒಂದೊಂದನ್ನೂ ಹುಡುಕಿ ತೆಗೆದು, ಮೊದಲ ಸಾಲಿನಿಂದ ಕೊನೆಯವರೆಗೆ ಓದಿದವಳು ನಾನು. ಇಷ್ಟು ವರ್ಷ ನನ್ನ ರವಿವಾರಗಳು ಹೋದದ್ದೇ ಅದರಲ್ಲಿ. ಹತ್ತೊಂಬತ್ತು ವರ್ಷದಿಂದ ಈ ಊರಿನಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಅಬ್ಬಿಗೇರಿಯ ತಮ್ಮನ ಮನೆಗೆ ಹಬ್ಬಕ್ಕೆ ಹೋಗಿಬರುತ್ತೇನೆ, ಅಲ್ಲಿ ಮಾತೆಲ್ಲ ಕಡಲೆ, ಜೋಳ ಮತ್ತು ನನ್ನ ಸಕ್ಕರೆ ಕಾಯಿಲೆ. ಕಾಲೇಜಿನಲ್ಲಿ ಬಿಎಸ್ಸಿ ಮೊದಲ ವರ್ಷದವರಿಗೆ ಅದೇ ಪಾಠ, ಅದೇ ನೋಟ್ಸು. ಕೂತು ಎರಡು ಮಾತು ರಸಾಯನಶಾಸ್ತ್ರ ಆಡೋಣವೆಂದರೆ ಜನವೇ ಇಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ ಸೊಕ್ಕು ಅನ್ನುತ್ತಾರೆ. ಅನ್ನಲಿ.

ಲೇಖನದ ವಿಷಯ ಇಷ್ಟು. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲ್ಲು ಎಲ್ಲ ತೆಗೆದ ಮೇಲೆ ತಳದಲ್ಲಿ ಡಾಂಬರಿನಂಥದ್ದು ಉಳಿಯುತ್ತದೆ. ಕಾದ ಜೇಡಿಮಣ್ಣಿನ ಮೇಲೆ ಹಾಯಿಸಿದರೆ ಅದು ಒಡೆದು ಮತ್ತಷ್ಟು ಹಗುರ ಎಣ್ಣೆ ಕೊಡುತ್ತದೆ. ಮಣ್ಣು ಇಲ್ಲಿ ವೇಗವರ್ಧಕ. ತಾನು ಮುಗಿಯದೆ ಕೆಲಸ ಮಾಡಿಸುತ್ತದೆ. ಆ ಮಣ್ಣನ್ನು ಮೊದಲು ಐನೂರು ಡಿಗ್ರಿಗೆ ಸುಟ್ಟರೆ ಒಳ್ಳೆಯದೋ ಏಳುನೂರಕ್ಕೋ ಎಂದು ನಾನು ನೋಡಿದ್ದೆ. ಪಿಎಚ್‌.ಡಿ.ಯ ಕೆಲಸ ಅದು. 2012ರಲ್ಲಿ ನನ್ನ ಮಾರ್ಗದರ್ಶಕರ ಜೊತೆ ಪ್ರಕಟಿಸಿದೆ.

ನಾಲ್ಕು ವರ್ಷ ಲೇಖನ ಮಲಗಿಕೊಂಡಿತ್ತು. ಆಮೇಲೆ ಜಗತ್ತಿಗೆಲ್ಲ ಪ್ಲಾಸ್ಟಿಕ್ ಕಸದಿಂದ ಎಣ್ಣೆ ತೆಗೆಯುವ ಹುಚ್ಚು ಹಿಡಿಯಿತು, ಅದಕ್ಕೂ ಜೇಡಿಮಣ್ಣೇ ಬೇಕಾಯಿತು. ಸೀರೆಯ ಅಂಚಿನ ಹಾಗೆ ಸಂಶೋಧನೆಗೂ ಫ್ಯಾಷನ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ನನ್ನ ಅಂಕಿ ಏರತೊಡಗಿತು. ಆದರೆ ಹೇಗೆ ಹೆಸರಿಸಿದ್ದರು ಗೊತ್ತೇ? "ಜೇಡಿಮಣ್ಣಿನ ವೇಗವರ್ಧಕಗಳ ಬಗ್ಗೆ ಈಗಾಗಲೇ ಸಾಕಷ್ಟು ಕೆಲಸ ನಡೆದಿದೆ, ನೋಡಿ ಪಟ್ಟಿಯ 9ರಿಂದ 17." ಆ ಒಂಬತ್ತು ಜನರಲ್ಲಿ ನಾನು ಹದಿಮೂರನೆಯ ನಂಬರಿನವಳು, ತುಂಬಿದ ಟಂಟಂ ರಿಕ್ಷಾದ ಹಿಂದೆ ಜೋತುಬಿದ್ದವಳ ಹಾಗೆ. ಒಬ್ಬರು ಬರೆದ ಪಟ್ಟಿಯನ್ನು ಇನ್ನೊಬ್ಬರು ಎತ್ತಿಕೊಂಡಿದ್ದರು. ಅರವತ್ತನಾಲ್ಕರಲ್ಲಿ ಯಾರೂ ಓದಿರಲಿಲ್ಲ.

ಓದಿಲ್ಲವೆಂದು ಇಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೇನೆಂದರೆ, ಆ ಲೇಖನದಲ್ಲಿ ಒಂದು ತಪ್ಪಿದೆ.

ಸಣ್ಣದಲ್ಲ, ಕಣ್ಣಿಗೆ ಹೊಡೆಯುವ ತಪ್ಪು. ಎರಡನೆಯ ಕೋಷ್ಟಕ ನೋಡಿದರೆ, ಏಳುನೂರಕ್ಕೆ ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳು ಅರ್ಧಕ್ಕರ್ಧ ಮುಚ್ಚಿಹೋಗಿವೆ. ಎಣ್ಣೆ ಒಡೆಯುವುದೇ ಆ ರಂಧ್ರಗಳೊಳಗೆ. ಮೂರನೆಯ ಕೋಷ್ಟಕದಲ್ಲಿ ಅದೇ ಮಣ್ಣು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ. ಎರಡನ್ನೂ ಓದಿದ ಯಾರಾದರೂ ಇದು ಹೇಗೆ ಎಂದು ಕೇಳಲೇಬೇಕು. ಮೂರನೆಯದನ್ನು ನಾನು ಟೈಪು ಮಾಡುವಾಗ ಎರಡು ಸಾಲು ಅದಲುಬದಲಾಗಿದ್ದವು, ಅಷ್ಟೇ. ತಪ್ಪು ಅಂಕಿಗಳಿಂದಲೇ ನಕ್ಷೆ ಬರೆದೆ. ಹೀಗಾಗಲು ಕಾರಣವೇನೆಂದು ಒಂದು ಚಂದದ ಪ್ಯಾರಾ ಕೂಡ ಬರೆದೆ. ಪರಿಶೀಲಕರು ಮೆಚ್ಚಿದ್ದು ಆ ಪ್ಯಾರಾವನ್ನೇ.

ಮರುವರ್ಷ ಹಳೆಯ ನೋಟ್‌ಬುಕ್ ತಿರುವುವಾಗ ಗೊತ್ತಾಯಿತು. ಓಡಿಹೋಗಿ ನನ್ನ ಮಾರ್ಗದರ್ಶಕ ಸರ್‌ಗೆ ಹೇಳಿದೆ.

"ಬಿಡವಾ, ಯಾರು ನೋಡತಾರ ಅದನ್ನ?" ಎಂದರು ಸರ್. "ಯಾರರ ಕೇಳಿದ್ರ ಆವಾಗ ತಿದ್ದೂಣಂತ."

ಅದರ ಮರುವರ್ಷ ಸರ್ ತೀರಿಕೊಂಡರು. ತಿದ್ದುಪಡಿ ಕಳಿಸಲು ನನಗೆ ಒಂದು ಪುಟದ ಕೆಲಸವಿತ್ತು. ಕಳಿಸಲಿಲ್ಲ. ಮೊದಮೊದಲು ಅಂಜಿಕೆಯಿಂದ. ಆಮೇಲೆ ಅಂಜಿಕೆ ಹೋಗಿ ಬೇರೇನೋ ಬಂತು, ಅದನ್ನು ಹೇಳಲು ನಾಚಿಕೆಯಾಗುತ್ತದೆ. ಯಾರಾದರೂ ಒಬ್ಬರು ಓದಲಿ, ಕೇಳಲಿ ಎಂದು ಕಾಯತೊಡಗಿದೆ. ಕೇಳಿದವನೇ ನನ್ನ ಓದುಗ. ಅವನು ಚೀನಾದವನಿರಲಿ, ಇರಾನಿನವನಿರಲಿ, ಅವನೊಂದಿಗೆ ಮಾತಾಡಬಹುದು. ಅವನಿಗೆ ಏನು ಹೇಳಬೇಕೆಂದು ಕೂಡ ಎಷ್ಟೋ ಸಲ ಮನಸ್ಸಿನಲ್ಲೇ ಆಡಿಕೊಂಡಿದ್ದೆ. ಹನ್ನೊಂದು ವರ್ಷ ಹಾಗೆ ಹೋದವು.

ಬಸವಪ್ರಸಾದ ಸುಮ್ಮನಿರುವ ಗಿರಾಕಿಯಲ್ಲ. ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿ ಪತ್ರಿಕೆಗೆ ಕಳಿಸಿಬಿಟ್ಟರು. ಜಿಲ್ಲಾ ಪುಟದಲ್ಲಿ ಬಂತು: ರೋಣದ ಪ್ರಾಧ್ಯಾಪಕಿ ನಿರ್ಮಲಾ ಅಬ್ಬಿಗೇರಿ ಅವರ ಸಂಶೋಧನೆಗೆ ಜಾಗತಿಕ ಮನ್ನಣೆ. ಫೋಟೋದಲ್ಲಿ ಹಾರದ ಮೇಲೆ ನನ್ನ ಕನ್ನಡಕ ಮಾತ್ರ ಕಾಣುತ್ತಿತ್ತು.

ಎರಡು ದಿನದ ಮೇಲೆ, ಕಾಲೇಜಿನಲ್ಲಿ ನಂಬರು ಕೇಳಿ ಪಡೆದವನೊಬ್ಬ ನನ್ನ ಮೊಬೈಲಿಗೆ ಹೀಗೆ ಬರೆದ:

"ಮೇಡಂ, ನಮಸ್ಕಾರ. ಪೇಪರಿನಲ್ಲಿ ನಿಮ್ಮ ಸುದ್ದಿ ಓದಿದೆ. ಅಭಿನಂದನೆ. ನಾನು ಗಜೇಂದ್ರಗಡದ ಉಮೇಶ. ಮೊದಲು ಪಿಎಚ್‌.ಡಿ. ಮಾಡುತ್ತಿದ್ದೆ. ನಿಮ್ಮ ಲೇಖನದ ಬಗ್ಗೆ ಒಂದು ಸಂಶಯವಿತ್ತು. ಎರಡನೆಯ ಕೋಷ್ಟಕದಲ್ಲಿ ಏಳುನೂರಕ್ಕೆ ಸುಟ್ಟ ಮಣ್ಣಿನ ರಂಧ್ರ ಅರ್ಧವಾಗಿದೆ. ಮೂರನೆಯದರಲ್ಲಿ ಅದೇ ಮಣ್ಣು ಹೆಚ್ಚು ಕೆಲಸ ಮಾಡಿದೆ. ಹೇಗೆ? ಸುಮ್ಮನೆ ತಿಳಿದುಕೊಳ್ಳಲು ಕೇಳಿದೆ."

ನಾನು ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಎದ್ದು ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಚೀನಾ ಅಲ್ಲ, ಇರಾನ್ ಅಲ್ಲ, ಒಂದು ತಾಸಿನ ಬಸ್ಸಿನ ದಾರಿಯಲ್ಲಿ, ಗಜೇಂದ್ರಗಡದಲ್ಲಿ! ರವಿವಾರ ನಾನೇ ಬರುತ್ತೇನೆಂದು ಬರೆದೆ. ಅವನು "ಮೊದಲು" ಎಂದು ಬರೆದದ್ದನ್ನು ಓದಿಯೂ ಓದಿರಲಿಲ್ಲ. ಯಾರೂ ಸರಿಯಾಗಿ ಓದುವುದಿಲ್ಲವೆಂದು ಗೊಣಗುತ್ತಿದ್ದವಳು ನಾನು.

ರವಿವಾರ ಅರ್ಧ ಕಿಲೋ ಪೇಢಾ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಹೊಲಗಳಲ್ಲಿ ಕಡಲೆ ಹೂವಾಗಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೊದಲು ಶಹಬ್ಬಾಸ್ ಅನ್ನಬೇಕು. ಆಮೇಲೆ ನೋಟ್‌ಬುಕ್ ತೋರಿಸಬೇಕು. ತಿಂಗಳಿಗೊಮ್ಮೆಯಾದರೂ ಬಾ, ನಮ್ಮ ಲ್ಯಾಬಿನಲ್ಲಿ ಏನಾದರೂ ಮಾಡೋಣ ಅನ್ನಬೇಕು.

ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ನೇಕಾರರ ಓಣಿ. ರವಿವಾರವಾದರೂ ಮಗ್ಗಗಳು ನಡೆದಿದ್ದವು. ಉಮೇಶನ ಮನೆಯ ಹಿತ್ತಲಿನಲ್ಲಿ ಒಲೆಯ ಮೇಲೆ ದೊಡ್ಡ ಹಂಡೆ, ಅದರಲ್ಲಿ ಕೆಂಪು ಬಣ್ಣ ಕುದಿಯುತ್ತಿತ್ತು. ಮೂವತ್ತೈದರ ಆಸುಪಾಸಿನ, ಮೊಣಕೈವರೆಗೂ ಕೆಂಪಾದ ಒಬ್ಬ ಮನುಷ್ಯ ನೂಲಿನ ಲಡಿಗಳನ್ನು ಅದರಲ್ಲಿ ಅದ್ದುತ್ತಿದ್ದ. ಪಕ್ಕದ ಗೋಡೆಗೆ ಥರ್ಮಾಮೀಟರು ನೇತುಹಾಕಿತ್ತು.

"ಬರ್ರಿ ಮೇಡಂ, ಬರ್ರಿ. ಒಂದ ನಿಮಿಷ ಕುಂದರ್ರಿ, ಇದನ್ನ ಬಿಡಾಕ ಬರೂದಿಲ್ಲ," ಎಂದ.

ಅವನ ತಾಯಿ ಗುಡ್ಡವ್ವ ಚಹಾ ತಂದರು. ಪೇಢಾ ಡಬ್ಬಿ ಅವರ ಕೈಗಿಟ್ಟೆ.

"ನೀವೂ ಮಣ್ಣ ಸುಡಾವರಿ?" ಎಂದು ಕೇಳಿದರು. "ನಮ್ಮ ಉಮೇಶ ಮೂರು ವರ್ಷ ಮಣ್ಣ ಸುಟ್ಟಾನ್ರಿ ಧಾರವಾಡದಾಗ. ಏನ ಮಾಡಿದ್ರೂ ಬರಲಿಲ್ಲ ನೋಡ್ರಿ. ತಿರಿಗಿ ಬಂದ ಮ್ಯಾಲ ಒಂದ ವರ್ಷ ಮಾತ ಆಡಿಲ್ಲ."

ಚಹಾದ ಕಪ್ಪು ನನ್ನ ಕೈಯಲ್ಲೇ ಉಳಿಯಿತು. ಉಮೇಶ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತ.

"ಏನ್ ಬರಲಿಲ್ರಿ?" ಎಂದೆ.

"ನಿಮ್ಮ ಏಳನೂರು ಬರಲಿಲ್ರಿ ಮೇಡಂ. ನಮ್ಮ ಗೈಡ ಹೇಳಿದ್ರು, ಮೊದಲ ಇದನ್ನ ಮಾಡಿ ತೋರ್ಸು, ಆಮ್ಯಾಲ ನಿನ್ನ ಹೊಸಾ ಕೆಲಸ ಮಾಡೂವಂತಿ ಅಂತ. ನಾ ಮಾಡಿದಾಗೆಲ್ಲಾ ಐನೂರರದ ಮ್ಯಾಲ ಬರತಿತ್ತು. ಇಪ್ಪತ್ತೆರಡು ಸಲ ಮಾಡೀನಿ. ಭಟ್ಟಿ ಬದಲ ಮಾಡಿದೆ, ಮಣ್ಣ ಬದಲ ಮಾಡಿದೆ. ಛಾಪಿಸಿದ್ದು ತಪ್ಪ ಇರತೈತೇನೋ, ನಿನ್ನ ಕೈಯಾಗ ಐತಿ ದೋಷ, ಅಂದ್ರು ಗೈಡು. ನನಗೂ ಹಂಗ ಅನ್ನಿಸ್ತು."

"ನಮಗ ಒಂದ ಪತ್ರ ಬರಿಯೂದಲ್ರಿ?"

"ಬರದಿದ್ನೆಲ್ರಿ. ಆರು ಇ-ಮೇಲ್ ಬರದೆ. ಲೇಖನದಾಗ ಪತ್ರಕ್ಕಂತ ನಿಮ್ಮ ಸರ್ ವಿಳಾಸ ಇತ್ತು. ಒಂದಕ್ಕೂ ಉತ್ತರ ಬರಲಿಲ್ಲ. ದೊಡ್ಡವರು, ನಮ್ಮಂಥಾವರಿಗೆ ಯಾಕ ಬರೀತಾರ ಅಂತ ಬಿಟ್ಟೆ."

ಹೌದು, ಪತ್ರವ್ಯವಹಾರದ ಹೆಸರು ಸರ್‌ದು. ಅವರು ಸತ್ತ ಮೇಲೆ ಆ ಪೆಟ್ಟಿಗೆಯನ್ನು ಯಾರೂ ತೆರೆದಿರಲಿಲ್ಲ. ನನ್ನ ವಿಳಾಸ ಆ ಲೇಖನದಲ್ಲಿ ಇರಲೇ ಇಲ್ಲ. ಹನ್ನೊಂದು ವರ್ಷ ಯಾರೂ ಕೇಳಲಿಲ್ಲವೆಂದು ಕೊರಗಿದವಳಿಗೆ, ಕೇಳಿದರೂ ಆ ಪ್ರಶ್ನೆ ನನ್ನ ತನಕ ಬರಲು ದಾರಿಯೇ ಇಲ್ಲವೆಂದು ಒಂದು ದಿನವೂ ಹೊಳೆದಿರಲಿಲ್ಲ.

"ನಿಮ್ಮ ಕೈ ಬರೋಬರಿ ಇತ್ರಿ," ಎಂದೆ. "ಐನೂರರದ ಖರೆ. ನನ್ನ ಕೋಷ್ಟಕದಾಗ ಎರಡು ಸಾಲು ಅದಲುಬದಲ ಆಗ್ಯಾವು. ನನ್ನ ತಪ್ಪು."

ಅವನು ತನ್ನ ಕೆಂಪು ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಮುಖದ ಮೇಲೆ ನಗು ಬಂದಹಾಗಾಯಿತು. "ಯವ್ವಾ," ಎಂದು ಒಳಗೆ ಕೂಗಿದ, "ನಂದು ಬರೋಬರಿ ಇತ್ತಂತ!" ಗುಡ್ಡವ್ವ ಒಳಗಿನಿಂದ ಏನೋ ಅಂದರು. ಆಮೇಲೆ ಅವನು ನನ್ನ ಕಡೆ ತಿರುಗಿ, ತೀರಾ ಸಹಜವಾಗಿ ಕೇಳಿದ.

"ನಿಮಗ ಯಾವಾಗ ಗೊತ್ತಾತ್ರಿ?"

ನಿಮ್ಮ ಮೆಸೇಜು ಬಂದ ಮೇಲೆ ನೋಟ್‌ಬುಕ್ ತೆಗೆದು ನೋಡಿದೆ, ಅನ್ನಬಹುದಿತ್ತು. ಅಂದಿದ್ದರೆ ಆ ನಗು ಹಾಗೇ ಇರುತ್ತಿತ್ತು. ಅವನು ರೋಣಕ್ಕೆ ಬರುತ್ತಿದ್ದ, ನಾವು ಇಬ್ಬರೂ ಲ್ಯಾಬಿನಲ್ಲಿ ಕೂತು ಮಾತಾಡುತ್ತಿದ್ದೆವು. ಆ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಪ್ಪತ್ತೆರಡು ಸಲ ಅಳೆದು ತೂಗಿ, ಖರೆ ಅಂಕಿಯನ್ನೇ ಬರೆದಿಟ್ಟವನ ಎದುರಿಗೆ ಕೂತಿದ್ದೆ.

"ಹದಿಮೂರರಾಗ," ಎಂದೆ.

ಅವನು ಲೆಕ್ಕ ಹಾಕುವುದು ಕಾಣಿಸಿತು. "ನಾ ಸೇರಿದ್ದು ಹದಿನೈದರಾಗ ರೀ."

"ಹೌದು."

"ಮತ್ಯಾಕ ತಿದ್ದಲಿಲ್ಲ?"

"ಯಾರರ ಒಬ್ಬರು ಓದಿ ಕೇಳತಾರೇನು ಅಂತ ಕಾಯ್ಕೋತ ಕುಂತೆ."

ಇಷ್ಟು ವರ್ಷ ಮನಸ್ಸಿನಲ್ಲಿ ದೊಡ್ಡದಾಗಿ ಕಂಡ ಮಾತು ಆ ಹಿತ್ತಲಿನಲ್ಲಿ ಎಷ್ಟು ಕೆಟ್ಟದಾಗಿ ಕೇಳಿಸಿತೆಂದರೆ, ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಾ ಓದಿದ್ನೆಲ್ರಿ ಮೇಡಂ," ಎಂದ ಉಮೇಶ. ಸಿಟ್ಟಿನಿಂದ ಅನ್ನಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

"ತಿದ್ದುಪಡಿ ಕಳಸ್ತೇನ್ರಿ, ಇದ ವಾರದಾಗ. ತಪ್ಪ ಹಿಡದವರು ಅಂತ ನಿಮ್ಮ ಹೆಸರು ಹಾಕತೇನಿ."

"ಬ್ಯಾಡ್ರಿ. ನನ್ನ ಹೆಸರು ಯಾರರ ಹುಡುಕಿದ್ರ ಅದೊಂದ ಸಿಗತೈತಿ ಆಮ್ಯಾಲ." ಎದ್ದು ನಿಂತ. "ಬಣ್ಣ ತಣ್ಣಗಾಗತೈತಿ ಮೇಡಂ. ಊಟಾ ಮಾಡ್ಕೊಂಡ ಹೋಗ್ರಿ."

ಊಟಕ್ಕೆ ನಿಲ್ಲಲಿಲ್ಲ. ಗುಡ್ಡವ್ವ ಪೇಢಾ ಡಬ್ಬಿಯಲ್ಲಿ ನಾಲ್ಕು ತೆಗೆದುಕೊಂಡು, ಉಳಿದದ್ದನ್ನು ತಿರುಗಿ ನನ್ನ ಕೈಗೆ ಕೊಟ್ಟು, ಮನೆಯಲ್ಲಿ ಮಕ್ಕಳಿಗೆ ಒಯ್ಯಿರಿ ಎಂದರು. ಬೇಡವೆನ್ನುವ ಧೈರ್ಯವಾಗಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಬರುವಾಗ ಜೋಡಿಸಿಕೊಂಡ ಮಾತುಗಳಲ್ಲಿ ಒಂದನ್ನೂ ಆಡಿರಲಿಲ್ಲ.

ತಿದ್ದುಪಡಿ ಕಳಿಸಿದೆ. ಸಂಶೋಧನಾ ಪತ್ರಿಕೆಯವರು ಎರಡು ತಿಂಗಳಿಗೆ ಪ್ರಕಟಿಸಿದರು, ಒಂದೇ ಪುಟ. ಉಮೇಶನ ಹೆಸರು ಹಾಕಲಿಲ್ಲ. "ಇಪ್ಪತ್ತೆರಡು ಸಲ ಪ್ರಯೋಗ ಮಾಡಿ ಈ ತಪ್ಪನ್ನು ಕಂಡುಹಿಡಿದ ಓದುಗರೊಬ್ಬರ ಫಲಿತಾಂಶವೇ ಸರಿ, ಅದು ತಡವಾಗಿ ಗೊತ್ತಾಗಿದ್ದಕ್ಕೆ ಲೇಖಕಿಯೇ ಕಾರಣ" ಎಂಬ ಸಾಲು ಇರಲೇಬೇಕೆಂದು ಹಟ ಹಿಡಿದು ಹಾಕಿಸಿದೆ. ಬಸವಪ್ರಸಾದರಿಗೆ ತೋರಿಸಿದೆ. "ಇದನ್ನ ಫೈಲಿಗೆ ಹಾಕೂದು ಬ್ಯಾಡ ಬಿಡ್ರಿ ಮೇಡಂ," ಎಂದರು. ಆ ಬಳಿಕ ನನ್ನ ಹಳೆಯ ಲೇಖನಕ್ಕೆ ಇನ್ನೂ ಏಳು ಸೈಟೇಶನ್ ಬಂದಿವೆ, ತಪ್ಪು ಕೋಷ್ಟಕದ ಸಮೇತ. ತಿದ್ದುಪಡಿಯನ್ನು ಯಾರೂ ಹೆಸರಿಸಿಲ್ಲ.

ಅದು ಪ್ರಕಟವಾದ ದಿನವೇ ಉಮೇಶನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಕೆಳಗೆ ಒಂದು ಸಾಲು ಬರೆದೆ: "ಬಿಡುವಾದಾಗ ರೋಣಕ್ಕೆ ಬನ್ನಿ, ಲ್ಯಾಬು ಖಾಲಿ ಇದೆ." ಐದೇ ನಿಮಿಷಕ್ಕೆ ಎರಡು ನೀಲಿ ಗೆರೆ ಮೂಡಿದವು.

ಓದಿದ್ದಾನೆ. ನಾಲ್ಕು ತಿಂಗಳಾಯಿತು, ಉತ್ತರ ಬಂದಿಲ್ಲ.